ಮ್ಯಾಪಲ್ಲಿ ಕಡಲ ನಡುವೆ, ಡಬ್ಬಿ ಮಾತ್ರ ಗೇರು ಮರದ ಬುಡದಲ್ಲಿ: ನಮ್ಮನೆ ಜಿಯೋಕ್ಯಾಶಿಂಗ್

ಹೋದ ಡಿಸೆಂಬರ್ ರಜೆಗೆ ಜರ್ಮನಿಯಿಂದ ಭಾವ ಬಂದಿದ್ರು, ಇವಳ ಅಣ್ಣ. ನಮ್ಮ ಮಕ್ಕಳಿಬ್ಬರೂ ಜಗಲಿಯಲ್ಲಿ ಮೊಬೈಲ್ ಹಿಡ್ಕೊಂಡು ಕೂತದ್ದು ನೋಡಿ "ಭಾವ, ಇದೇ ಮೊಬೈಲ್ ಕೊಟ್ಟು ಇವರನ್ನ ಗುಡ್ಡೆ ಹತ್ತಿಸ್ತೇನೆ ನೋಡಿ" ಅಂದ್ರು. ನಾನು ನಂಬ್ಲಿಲ್ಲ. ಮರುದಿನ ಬೆಳಿಗ್ಗೆ ನಾವು ಏಳುವ ಮೊದಲೇ ಕಾಸರಗೋಡಿನ ಹತ್ರದ ಕೂಡ್ಲಿನ ಅತ್ತೆ ಮನೆ ಹಿಂದಿನ ಗುಡ್ಡೆಗೆ ಹೋಗಿ ಎಲ್ಲೋ ಒಂದು ಡಬ್ಬಿ ಅಡಗಿಸಿ ಬಂದು, ಕಾಫಿಗೆ ಕೂತಾಗ ಮಕ್ಕಳ ಕೈಗೆ ಒಂದು ಚೀಟಿ ಕೊಟ್ರು. ಉತ್ತರ 12 ಡಿಗ್ರಿ 31.8 ಚಿಲ್ಲರೆ ಮಿನಿಟು, ಪೂರ್ವ 74 ಡಿಗ್ರಿ 58.2 ಚಿಲ್ಲರೆ ಮಿನಿಟು, ಅಷ್ಟೇ.

ನಾನು ಬುದ್ಧಿವಂತನ ಹಾಗೆ ಮ್ಯಾಪಲ್ಲಿ 12.318, 74.582 ಅಂತ ಹಾಕಿದೆ. ಅರಬ್ಬೀ ಸಮುದ್ರ ಮಾರಾಯ್ರೆ! ದಡದಿಂದ ಐವತ್ತು ಕಿಲೋಮೀಟರಿಗಿಂತ ಹೆಚ್ಚು ದೂರ, ಸುತ್ತ ನೀಲಿ ಬಿಟ್ರೆ ಬೇರೆ ಎಂತದ್ದೂ ಇಲ್ಲ. ಮಗ "ಮಾವ ಬೋಟಲ್ಲಿ ಹೋಗಿದ್ರಾ?" ಅಂತ ಕೇಳಿದ. ಹೊಸಬರು ಎಡವುವುದೇ ಇಲ್ಲಿ ಅಂತ ಭಾವ ನಕ್ರು. ಜಿಯೋಕ್ಯಾಶಿಂಗಲ್ಲಿ, ಅಂದ್ರೆ ಜಿಪಿಎಸ್ ನೋಡಿ ಅಡಗಿಸಿಟ್ಟ ಡಬ್ಬಿ ಹುಡುಕುವ ಈ ಆಟದಲ್ಲಿ, ಜಾಗ ಬರೆಯುವುದು ಡಿಗ್ರಿ ಮತ್ತೆ ಮಿನಿಟಲ್ಲಿ, ಒಂದು ಡಿಗ್ರಿಗೆ ಅರುವತ್ತು ಮಿನಿಟು, ಹಾಗಾಗಿ ಮಿನಿಟನ್ನ 60ರಿಂದ ಭಾಗಿಸಿದ್ರೆ ಮಾತ್ರ ಮ್ಯಾಪಿನ ದಶಮಾಂಶ ಲೆಕ್ಕ ಸಿಗ್ತದೆ. 31.8 ಮಿನಿಟು ಅಂದ್ರೆ 0.53. ಮಗಳು ಏಳನೇ ಕ್ಲಾಸು, ಈ ಲೆಕ್ಕ ಅವಳಿಗೆ ನನಗಿಂತ ಬೇಗ ಹೊಳೀತು, ಅಲ್ಲಿಂದ ಮೊಬೈಲ್ ಅವಳ ಕೈಗೆ ಹೋಯ್ತು, ಇವತ್ತಿನವರೆಗೂ ವಾಪಸ್ ಬರ್ಲಿಲ್ಲ. ಉತ್ತರದ ಲೆಕ್ಕದಲ್ಲಿ ಒಂದು ಮಿನಿಟು ಅಂದ್ರೆ 1.85 ಕಿಲೋಮೀಟರು, ಮಿನಿಟಿನ ಮೂರನೇ ದಶಮಾಂಶ ಅಂದ್ರೆ ಎರಡು ಮೀಟರಿಗೂ ಕಮ್ಮಿ.

ಆದ್ರೆ ಮೊಬೈಲಿಗೆ ಅಷ್ಟು ನಿಖರ ಬರುದಿಲ್ಲ. ಬಯಲಲ್ಲಿ ಐದು ಮೀಟರಿನ ಆಸುಪಾಸು ತೋರಿಸ್ತದೆ, ಅಡಿಕೆ ತೋಟದೊಳಗೆ ಹೊಕ್ಕಿದ್ರೆ ಚುಕ್ಕೆ ಕಪ್ಪೆ ಹಾಗೆ ಹಾರ್ತದೆ. ಹತ್ತು ಮೀಟರ್ ಹತ್ರ ಬಂದ್ಮೇಲೆ ಮೊಬೈಲ್ ಕಿಸೆಗೆ ಹಾಕಿ ಕಣ್ಣಲ್ಲಿ ಹುಡುಕುದು. ಒಂದರ ಮೇಲೊಂದು ಚಂದಕ್ಕೆ ಇಟ್ಟ ಮೂರು ಮುರಕಲ್ಲು, ಹಸಿ ಗಿಡದ ನಡುವೆ ಒಂದೇ ಕಡೆ ಒಣ ಸೊಪ್ಪು, ಇಂಥದ್ದು. ಮಗ ಇದರಲ್ಲಿ ಹುಷಾರು, ಭಾವ ಇಟ್ಟ ಡಬ್ಬಿ ಗೇರು ಮರದ ಬುಡದಲ್ಲಿ ಸಿಕ್ಕಿದ್ದು ಅವನಿಗೇ. ಮುರಕಲ್ಲಿನ ಮಾಟೆಗೆ ಕೈ ಹಾಕ್ಲಿಕ್ಕೆ ಮಾತ್ರ ನಾನು ಬಿಡುದಿಲ್ಲ, ಕೋಲಲ್ಲಿ ಕುಟ್ಟಿಯೇ ಮುಂದೆ. ಹಾವು ಚೇಳು ಇರುವ ಊರು ನಮ್ಮದು.

ಈ ಆಟದ ಹುಟ್ಟಿನ ಕತೆ ಭಾವನೇ ಹೇಳಿದ್ದು. ಮೊದಲು ಅಮೆರಿಕದ ಸರ್ಕಾರ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಿಗ್ನಲನ್ನ ಬೇಕಂತ್ಲೇ ಕೆಡಿಸಿ ಬಿಡ್ತಿತ್ತಂತೆ, ನೂರು ಮೀಟರಷ್ಟು ಆಚೀಚೆ ಆಗ್ತಿತ್ತು. 2000ದ ಮೇ 2ಕ್ಕೆ ಅದನ್ನ ನಿಲ್ಲಿಸಿದ್ರು, ಮರುದಿನವೇ ಡೇವ್ ಅಲ್ಮರ್ ಅನ್ನುವವರು ಆರೆಗನ್‌ನಲ್ಲಿ ಒಂದು ಕಪ್ಪು ಬಕೆಟ್ ಅಡಗಿಸಿಟ್ಟು ಜಾಗ ಹುಡುಕಿ ಅಂತ ಇಂಟರ್ನೆಟ್ಟಲ್ಲಿ ಹಾಕಿದ್ರು. ಈಗ ಪ್ರಪಂಚ ಇಡೀ ಉಂಟು. ಜರ್ಮನಿಯಲ್ಲಿ ವಾಕಿಂಗ್ ಹೋದ ದಾರಿಯಲ್ಲೇ ನಾಲ್ಕೈದು ಸಿಗ್ತದಂತೆ, ನಮ್ಮ ಕಡೆ ಈ ಆಟದ ಆ್ಯಪ್ ತೆಗೆದ್ರೆ ಮ್ಯಾಪ್ ಹೆಚ್ಚುಕಮ್ಮಿ ಖಾಲಿ.

ಭಾವ ಹೋದ್ಮೇಲೆ ಆ್ಯಪಲ್ಲಿ ಕಂಡ ಒಂದಕ್ಕೆ ಕಾರ್ ತಕ್ಕೊಂಡು ಹೋದೆವು, ಮುಕ್ಕಾಲು ಗಂಟೆ ಹುಡುಕಿದ್ರೂ ಸಿಗ್ಲಿಲ್ಲ. ಅಲ್ಲೇ ದನ ಮೇಯಿಸ್ತಿದ್ದ ಅಜ್ಜ ಒಬ್ಬರು "ಎಂತ ಕಳೆದು ಹೋಯ್ತಾ?" ಅಂತ ಕೇಳಿದ್ರು. ಅಡಗಿಸಿಟ್ಟ ಡಬ್ಬಿ ಹುಡುಕುದು ಅಂದೆ, ತಪ್ಪಾಯ್ತು, ನಿಧಿ ಹುಡುಕುವವರು ಅಂತ ಅವರಿಗೆ ಡೌಟು ಬಂತು. ಒಳಗೆ ಇರುದು ಹೆಸರು ಬರೆಯುವ ಕಾಗದ ಮತ್ತೆ ಮಕ್ಕಳ ಆಟದ ಸಾಮಾನು ಮಾತ್ರ, ಎಂತಾದ್ರೂ ತೆಗೆದ್ರೆ ಅಷ್ಟೇ ಬೆಲೆಯದ್ದು ಇಡ್ಬೇಕು ಅಂತ ಆ್ಯಪ್ ತೋರಿಸಿ ಹೇಳಿದ ಮೇಲೆ ಅವರೇ ಕೋಲು ಹಿಡಿದು ಹುಡುಕ್ಲಿಕ್ಕೆ ಇಳಿದ್ರು! ಆದ್ರೂ ಇಲ್ಲ. ಸಿಗದಿದ್ರೆ ಸಿಗ್ಲಿಲ್ಲ ಅಂತಲೇ ಆ್ಯಪಲ್ಲಿ ಬರೀಬೇಕು, ಇಟ್ಟವರಿಗೆ ಡಬ್ಬಿ ಉಂಟಾ ಇಲ್ವಾ ನೋಡ್ಲಿಕ್ಕೆ ಆಗ್ತದೆ.

ಹಾಗಾಗಿ ಈಗ ಹೆಚ್ಚು ಆಡುದು ಮನೆ ಜಾಗದಲ್ಲೇ, ಒಂದು ಆದಿತ್ಯವಾರ ಇವಳು ಮತ್ತೆ ಮಗ ಅಡಗಿಸುದು, ಇನ್ನೊಂದು ವಾರ ನಾನು ಮತ್ತೆ ಮಗಳು. ಮಗ ಒಮ್ಮೆ ಡಬ್ಬಿಯಲ್ಲಿ ಕಡ್ಲೆ ಮಿಠಾಯಿ ಇಟ್ಟಿದ್ದ, ನಾವು ತೆಗೆಯುವಾಗ ಇರುವೆಯೇ ಇರುವೆ. ತಿಂಡಿ ಇಡ್ಬಾರ್ದು ಅಂತ ನಿಯಮವೇ ಉಂಟು, ಯಾಕೆ ಅಂತ ಅವತ್ತು ಗೊತ್ತಾಯ್ತು. ಜೂನಲ್ಲಿ ಪೆನ್ನಲ್ಲಿ ಬರೆದದ್ದೆಲ್ಲ ಕರಗಿ ನೀಲಿ ಮುದ್ದೆ ಆಯ್ತು, ಈಗ ಪೆನ್ಸಿಲ್ಲು, ಜಿಪ್ ಇರುವ ಪ್ಲಾಸ್ಟಿಕ್ ಚೀಲ ಎರಡೆರಡು. ನಾಗಬನದ ಹತ್ರ, ನೀರಿಗೆ ಗುಡ್ಡೆ ಕೊರೆದ ಸುರಂಗದ ಬಾಯಲ್ಲಿ ಇಡುದು ಬೇಡ ಅಂತ ಅತ್ತೆ ಮೊದಲೇ ಹೇಳಿದ್ದಾರೆ.

ಆ್ಯಪಿಗೆ ನಮ್ಮದೂ ಒಂದು ಹಾಕುವಾ ಅಂತ ಮಗಳ ಹಠ. ಬೇಕಲ ಕೋಟೆಯಲ್ಲಿ ಇಡುವಾ ಅಂದಳು, ಅದು ಪುರಾತತ್ವ ಇಲಾಖೆಯ ಜಾಗ, ಬೇಡ ಅಂದೆ. ಜಾಗದವರ ಒಪ್ಪಿಗೆ ಬೇಕು, ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರ ಇರ್ಬೇಕು, ಮಣ್ಣಲ್ಲಿ ಹೂತು ಹಾಕ್ಬಾರ್ದು, ಆಗಾಗ ಹೋಗಿ ನೋಡ್ಬೇಕು. 161 ಮೀಟರಿನ ಚಿಂತೆ ನಮಗಿಲ್ಲ, ಹತ್ರ ಬೇರೆ ಡಬ್ಬಿಯೇ ಇಲ್ವಲ್ಲ! ಅತ್ತೆ ಒಪ್ಪಿದ್ದಾರೆ, ಮಳೆ ಬಿಟ್ಟ ಮೇಲೆ ಆ ಗೇರು ಮರದ ಹತ್ರವೇ ಇಡುದು ಅಂತ ಆಗಿದೆ, ಮಗಳು ಡಬ್ಬಿಗೆ ಪೈಂಟ್ ಹೊಡೆದು ಜಗಲಿಯಲ್ಲಿ ಒಣಗ್ಲಿಕ್ಕೆ ಇಟ್ಟಿದ್ದಾಳೆ.