ಹತ್ತು ಮಂದಿ, ಹದಿನೇಳು ವಾರ: ಫ್ಯಾಂಟಸಿ ಫುಟ್‌ಬಾಲ್ ಲೀಗ್ ನಡೆಸುವುದು ಹೇಗೆ?

ನಮ್ಮ ಲೀಗ್ ಶುರುವಾಗಿ ಎರಡನೇ ವರ್ಷ. ಡಿಸೆಂಬರ್ ಮೊದಲ ವಾರ. ಕೊನೆಯ ಸ್ಥಾನದಲ್ಲಿದ್ದ ಗೆಳೆಯನೊಬ್ಬ ತನ್ನ ತಂಡದ ಕಡೆ ನೋಡುವುದನ್ನೇ ಬಿಟ್ಟಿದ್ದ. ಅವನ ಆಟಗಾರರಲ್ಲಿ ಮೂವರಿಗೆ ಗಾಯವಾಗಿತ್ತು. ಮೂವರನ್ನೂ ಬದಲಿಸದೆ ಹಾಗೇ ಬಿಟ್ಟ. ಅವನ ಎದುರಾಳಿ ಸುಲಭವಾಗಿ ಗೆದ್ದು ಪ್ಲೇಆಫ್‌ಗೆ ಹೋದ. ಆ ಗೆಲುವಿನಿಂದ ಜಾಗ ಕಳೆದುಕೊಂಡ ಇನ್ನೊಬ್ಬ ಯುಗಾದಿವರೆಗೂ ನಮ್ಮ ಯಾರ ಜತೆಗೂ ಸರಿಯಾಗಿ ಮಾತಾಡಲಿಲ್ಲ.

ಆವತ್ತಿನಿಂದ ಲೀಗ್‌ನ ಪ್ರತಿ ನಿಯಮವನ್ನೂ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ: ಸೋಲುತ್ತಿರುವವನೂ ಡಿಸೆಂಬರ್‌ವರೆಗೆ ಮನಸಿಟ್ಟು ಆಡುತ್ತಾನಾ? ನ್ಯೂಜೆರ್ಸಿಯಲ್ಲಿ ನಾವು ಹತ್ತು ಮಂದಿ ಕನ್ನಡಿಗರು ಸೇರಿ ನಡೆಸುವ ಈ ಲೀಗ್‌ಗೆ ಒಂಬತ್ತು ವರ್ಷದಿಂದ ನಾನೇ ಕಮಿಷನರ್, ಅಂದರೆ ಲೀಗ್ ನೋಡಿಕೊಳ್ಳುವವನು. ವರ್ಷ ಹೇಗೆ ಸಾಗುತ್ತದೆ ಎಂದು ಹೇಳುತ್ತೇನೆ. ನೀವೂ ಒಂದು ಲೀಗ್ ಕಟ್ಟಬಹುದು.

ಮೊದಲು ಆಟ ಏನೆಂದು ತಿಳಿಯೋಣ

ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್. ಅಲ್ಲಿ 32 ತಂಡಗಳಿವೆ. 2021ರಿಂದ ಪ್ರತಿ ತಂಡ 18 ವಾರಗಳಲ್ಲಿ 17 ಪಂದ್ಯ ಆಡುತ್ತದೆ. ಉಳಿದ ಒಂದು ವಾರ ಬಿಡುವು. ಅದಕ್ಕೆ ಬೈ ವೀಕ್ ಎನ್ನುತ್ತಾರೆ.

ನೀವು ಬೇರೆ ಬೇರೆ ತಂಡಗಳ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ಒಂದು ತಂಡ ಕಟ್ಟುತ್ತೀರಿ. ಅವರು ಮೈದಾನದಲ್ಲಿ ಮಾಡಿದ್ದೆಲ್ಲ ನಿಮಗೆ ಅಂಕವಾಗುತ್ತದೆ. ಡ್ರೀಮ್‌ ಇಲೆವೆನ್ ನೋಡಿದವರಿಗೆ ಇಷ್ಟು ಗೊತ್ತೇ ಇದೆ. ದೊಡ್ಡ ವ್ಯತ್ಯಾಸ ಒಂದಿದೆ. ಇಲ್ಲಿ ಒಬ್ಬ ಆಟಗಾರ ಇಡೀ ಲೀಗ್‌ನಲ್ಲಿ ಒಬ್ಬರಿಗೆ ಮಾತ್ರ ಸೇರುತ್ತಾನೆ. ಪ್ಯಾಟ್ರಿಕ್ ಮಹೋಮ್ಸ್ ನನ್ನ ತಂಡದಲ್ಲಿದ್ದರೆ ನಿಮಗೆ ಸಿಗುವುದಿಲ್ಲ. ಆಮೇಲೆ, ತಂಡ ಒಂದು ಪಂದ್ಯಕ್ಕಲ್ಲ, ಇಡೀ ವರ್ಷಕ್ಕೆ. ವಾರಕ್ಕೊಬ್ಬ ಗೆಳೆಯನ ಎದುರು ನಿಮ್ಮ ಪಂದ್ಯ.

ಇದರ ಹುಟ್ಟು ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ. ಓಕ್ಲೆಂಡ್ ರೈಡರ್ಸ್ ತಂಡದಲ್ಲಿ ಪಾಲು ಹೊಂದಿದ್ದ ಬಿಲ್ ವಿಂಕನ್‌ಬಾಕ್ 1962ರಲ್ಲಿ ತಂಡದ ಜತೆ ನ್ಯೂಯಾರ್ಕ್‌ಗೆ ಹೋಗಿದ್ದಾಗ, ಹೋಟೆಲ್‌ನಲ್ಲಿ ಕೂತು ಇನ್ನಿಬ್ಬರ ಜತೆ ನಿಯಮ ಬರೆದರು. ಮರುವರ್ಷ ಆಗಸ್ಟ್‌ನಲ್ಲಿ ಓಕ್ಲೆಂಡ್‌ನಲ್ಲಿ ವಿಂಕನ್‌ಬಾಕ್ ಮನೆಯಲ್ಲೇ ಆಟಗಾರರ ಮೊದಲ ಆಯ್ಕೆ ನಡೆಯಿತು. ಇದ್ದದ್ದು ಎಂಟು ತಂಡ. ಕಂಪ್ಯೂಟರ್ ಇಲ್ಲ, ಪತ್ರಿಕೆ ನೋಡಿ ಕೈಯಲ್ಲೇ ಅಂಕ ಲೆಕ್ಕ ಹಾಕುತ್ತಿದ್ದರು. ಇವತ್ತು ಇಎಸ್‌ಪಿಎನ್, ಯಾಹೂ, ಸ್ಲೀಪರ್ ಆ್ಯಪ್‌ಗಳು ಆ ಲೆಕ್ಕವನ್ನು ಉಚಿತವಾಗಿ ಮಾಡಿಕೊಡುತ್ತವೆ. ಆದರೆ ಮನುಷ್ಯರನ್ನು ಒಟ್ಟಿಗೆ ಹಿಡಿದಿಡುವ ಕೆಲಸ ಈಗಲೂ ಕಮಿಷನರ್‌ದೇ.

ಫೆಬ್ರವರಿ–ಮಾರ್ಚ್: ನಿಯಮಗಳ ಸಭೆ

ಫೆಬ್ರವರಿಯಲ್ಲಿ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಮುಗಿದ ಮೇಲೆ ನಾವು ಒಂದು ಸಂಜೆ ಸೇರುತ್ತೇವೆ. ಎಲ್ಲರೂ ಒಂದೊಂದು ಅಡುಗೆ ತರುತ್ತಾರೆ. ಯಾವ ನಿಯಮ ಬದಲಾಗಬೇಕು ಎಂದು ಮಾತಾಡಿ ಕೈ ಎತ್ತಿ ತೀರ್ಮಾನಿಸುತ್ತೇವೆ. ಹತ್ತರಲ್ಲಿ ಏಳು ಮಂದಿ ಒಪ್ಪಿದರೆ ಮಾತ್ರ ಬದಲಾವಣೆ.

ಆಗಸ್ಟ್‌ಗೆ ಬಿಡದೆ ಈಗಲೇ ಏಕೆ? ಆಟಗಾರರನ್ನು ಆರಿಸುವ ಆಗಸ್ಟ್‌ನಲ್ಲಿ ಎಲ್ಲರ ತಲೆಯಲ್ಲೂ ಒಬ್ಬೊಬ್ಬ ಆಟಗಾರ ಇರುತ್ತಾನೆ. ತನಗೆ ಅನುಕೂಲವಾಗುವ ನಿಯಮವನ್ನೇ ಕೇಳುತ್ತಾರೆ. ಫೆಬ್ರವರಿಯಲ್ಲಿ ಯಾರ ಕೈಯಲ್ಲೂ ತಂಡವಿಲ್ಲ. ನ್ಯಾಯವಾಗಿ ಯೋಚಿಸುವುದು ಸುಲಭ. ಋತು ಶುರುವಾದ ಮೇಲೆ ನಿಯಮ ಮುಟ್ಟುವ ಹಾಗಿಲ್ಲ. ಇದು ನಮ್ಮ ಮೊದಲ ನಿಯಮ.

ಬರೆದಿಡಲೇಬೇಕಾದ ಮುಖ್ಯ ವಿಷಯ ಅಂಕಗಳದ್ದು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ 25 ಗಜಕ್ಕೆ ಒಂದು ಅಂಕ, ಟಚ್‌ಡೌನ್ ಎಸೆತಕ್ಕೆ 4 ಅಂಕ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದೇ ಟಚ್‌ಡೌನ್. ಎದುರಾಳಿ ಚೆಂಡು ಹಿಡಿದುಬಿಟ್ಟರೆ 2 ಅಂಕ ಕಳೆಯಿರಿ. ಚೆಂಡು ಹಿಡಿದು ಓಡುವವರಿಗೆ 10 ಗಜಕ್ಕೆ ಒಂದು, ಟಚ್‌ಡೌನ್‌ಗೆ 6. ಇವು ಹೆಚ್ಚಿನ ಲೀಗ್‌ಗಳಲ್ಲಿ ಹೀಗೇ ಇರುತ್ತವೆ. ವಾದ ಬರುವುದು ಕ್ಯಾಚ್ ವಿಚಾರದಲ್ಲಿ. ಒಬ್ಬ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವುದೇ ಮುಖ್ಯ ಕೆಲಸವಾದವನು) 80 ಗಜ ಓಡಿ ಒಂದು ಟಚ್‌ಡೌನ್ ಮಾಡಿ, ನಾಲ್ಕು ಕ್ಯಾಚ್ ಹಿಡಿದು 30 ಗಜ ಸೇರಿಸಿದ ಎಂದುಕೊಳ್ಳಿ. ಅವನಿಗೆ 17 ಅಂಕ. ಪ್ರತಿ ಕ್ಯಾಚ್‌ಗೂ ಒಂದು ಅಂಕ ಕೊಡುವ ಪಿಪಿಆರ್ ಪದ್ಧತಿಯಲ್ಲಿ ಅವನಿಗೇ 21. ಗೆಲುವು ಸೋಲು ತಿರುಗಿಹೋಗಲು ಇಷ್ಟು ಸಾಕು. ನಾವು ನಡುವಿನ ದಾರಿ ಹಿಡಿದು ಕ್ಯಾಚ್‌ಗೆ ಅರ್ಧ ಅಂಕ ಕೊಡುತ್ತೇವೆ. ನೀವು ಯಾವುದನ್ನಾದರೂ ಆರಿಸಿ, ಆದರೆ ಮೊದಲೇ ಆರಿಸಿ.

ದುಡ್ಡಿನ ವಿಷಯವನ್ನೂ ಈ ಸಭೆಯಲ್ಲೇ ಮುಗಿಸಿ. ನಮ್ಮ ಲೀಗ್‌ನಲ್ಲಿ ದುಡ್ಡಿಲ್ಲ. ಟ್ರೋಫಿ ಮಾತ್ರ. ಭಾರತದಲ್ಲಿರುವ ಗೆಳೆಯರನ್ನು ಸೇರಿಸಿಕೊಳ್ಳುವವರು ಇದನ್ನು ಗಮನಿಸಲೇಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಅಲ್ಲಿ 2025ರ ಆಗಸ್ಟ್‌ನಲ್ಲಿ ಬಂದಿದೆ. ಕಾನೂನು ಹಾಗಿರಲಿ, ದುಡ್ಡು ಬಂದ ಕಡೆ ಸಣ್ಣ ಜಗಳವೂ ದೊಡ್ಡದಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಜುಲೈ: ಮಂದಿ ಎಷ್ಟು, ದಿನ ಯಾವುದು

ಹತ್ತು ಅಥವಾ ಹನ್ನೆರಡು ತಂಡ ಒಳ್ಳೆಯ ಸಂಖ್ಯೆ. ಜೋಡಿ ಜೋಡಿಯಾಗಿ ಆಡಬೇಕಾದ್ದರಿಂದ ಸಮಸಂಖ್ಯೆಯೇ ಬೇಕು. ಎಂಟಾದರೆ ಎಲ್ಲರ ತಂಡವೂ ಬಲವಾಗಿ ಆರಿಸುವ ಖುಷಿ ಕಡಿಮೆಯಾಗುತ್ತದೆ. ಹದಿನಾಲ್ಕಾದರೆ ಒಬ್ಬ ಗಾಯಗೊಂಡಾಗ ಬದಲಿ ಆಟಗಾರ ಸಿಗುವುದೇ ಇಲ್ಲ. ಜುಲೈ ಮೊದಲ ವಾರ ಎಲ್ಲರನ್ನೂ ಕೇಳಿ, 'ಈ ವರ್ಷ ಇದ್ದೀರಾ?' ಎಂದು ನೇರ ಉತ್ತರ ಪಡೆಯಿರಿ. 'ನೋಡೋಣ' ಎಂದವರ ಜಾಗಕ್ಕೆ ಬೇರೆಯವರನ್ನು ಹುಡುಕಿ. ಇದು ಕಠಿಣ ಎನಿಸಬಹುದು. ಅರ್ಧ ಮನಸಿನಿಂದ ಬಂದವರೇ ಅಕ್ಟೋಬರ್‌ನಲ್ಲಿ ಕೈ ಬಿಡುವುದು.

ಆಟಗಾರರನ್ನು ಆರಿಸುವ ಡ್ರಾಫ್ಟ್‌ಗೆ ದಿನ ಹಿಡಿಯುವುದೇ ದೊಡ್ಡ ತಲೆನೋವು. ಸೆಪ್ಟೆಂಬರ್‌ನ ಮೊದಲ ಸೋಮವಾರ ಲೇಬರ್ ಡೇ. ಎನ್‌ಎಫ್‌ಎಲ್ ಋತು ಸಾಮಾನ್ಯವಾಗಿ ಅದೇ ವಾರ ಶುರು. ಡ್ರಾಫ್ಟ್ ಅದಕ್ಕೆ ಆದಷ್ಟು ಹತ್ತಿರವಿರಬೇಕು. ಆಗಸ್ಟ್‌ನ ಅಭ್ಯಾಸ ಪಂದ್ಯಗಳಲ್ಲಿ ಯಾರಿಗಾದರೂ ಗಾಯವಾಗುತ್ತಲೇ ಇರುತ್ತದೆ. ಬೇಗ ಆರಿಸಿದವರು ಪಂದ್ಯ ಶುರುವಾಗುವ ಮೊದಲೇ ಸೋಲುತ್ತಾರೆ. ಆದರೆ ಗೌರಿ–ಗಣೇಶ ಹಬ್ಬವೂ ಇದೇ ಹೊತ್ತಿಗೆ ಬರುತ್ತದೆ. 2024ರಲ್ಲಿ ಋತು ಶುರುವಾದದ್ದು ಗುರುವಾರ ಸೆಪ್ಟೆಂಬರ್ 5ಕ್ಕೆ, ಚೌತಿ ಶನಿವಾರ 7ಕ್ಕೆ. ಅಮೆರಿಕದ ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನವೂ ಹಲವು ಸಲ ಲೇಬರ್ ಡೇ ವಾರಾಂತ್ಯದಲ್ಲೇ ನಡೆದಿದೆ. ಹಾಗಾಗಿ ಜುಲೈನಲ್ಲೇ ಪಂಚಾಂಗ, ಕನ್ನಡ ಕೂಟದ ಕಾರ್ಯಕ್ರಮ ಪಟ್ಟಿ, ಎನ್‌ಎಫ್‌ಎಲ್ ವೇಳಾಪಟ್ಟಿ ಮೂರನ್ನೂ ಮುಂದಿಟ್ಟುಕೊಂಡು ಕೂರಿ.

ನಮ್ಮಲ್ಲೊಬ್ಬರು ಬೆಂಗಳೂರಿಗೆ ವಾಪಸ್ ಹೋಗಿದ್ದಾರೆ. ಲೀಗ್ ಬಿಟ್ಟಿಲ್ಲ. ಇಲ್ಲಿ ಶನಿವಾರ ರಾತ್ರಿ 8 ಗಂಟೆಗೆ ಡ್ರಾಫ್ಟ್ ಇಟ್ಟರೆ ಅವರಿಗೆ ಭಾನುವಾರ ಬೆಳಗಿನ 5.30. ಕಾಫಿ ಲೋಟ ಹಿಡಿದು ವಿಡಿಯೊ ಕರೆಯಲ್ಲಿ ಬರುತ್ತಾರೆ. ಭಾನುವಾರ ಮಧ್ಯಾಹ್ನ 1ರ ಪಂದ್ಯಗಳು ಅವರಿಗೆ ರಾತ್ರಿ 10.30ಕ್ಕೆ. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಗಿನಿಂದ ಅವರಿಗೆ 11.30.

ಆಗಸ್ಟ್ ಕೊನೆ: ಡ್ರಾಫ್ಟ್

ವರ್ಷದಲ್ಲಿ ನನಗೆ ತುಂಬ ಇಷ್ಟದ ದಿನ ಇದು.

ಡ್ರಾಫ್ಟ್ ಎರಡು ಬಗೆ. ಒಂದು ಹರಾಜು. ಐಪಿಎಲ್ ಹರಾಜಿನ ಹಾಗೆಯೇ. ಎಲ್ಲರಿಗೂ ಲೆಕ್ಕಕ್ಕೆ 200 ಡಾಲರ್, ಅದರಲ್ಲೇ ಇಡೀ ತಂಡ ಕೊಳ್ಳಬೇಕು. ನಿಜವಾದ ದುಡ್ಡಲ್ಲ. ಇನ್ನೊಂದು ಸರದಿ ಪದ್ಧತಿ. ಇದನ್ನು ಸ್ನೇಕ್ ಡ್ರಾಫ್ಟ್ ಎನ್ನುತ್ತಾರೆ, ಹಾವಿನ ಹಾಗೆ ಸುತ್ತಿಕೊಂಡು ಬರುವುದರಿಂದ. ಮೊದಲ ಸುತ್ತಿನಲ್ಲಿ ಒಂದರಿಂದ ಹತ್ತು, ಎರಡನೇ ಸುತ್ತಿನಲ್ಲಿ ಹತ್ತರಿಂದ ಒಂದು. ಮೊದಲು ಆರಿಸಿದವನಿಗೆ ಮುಂದಿನ ಸರದಿ 20ನೆಯದು. ಕೊನೆಯವನಿಗೆ 10 ಮತ್ತು 11 ಎರಡೂ ಒಟ್ಟಿಗೆ. ಹೊಸಬರಿದ್ದರೆ ಇದೇ ಒಳ್ಳೆಯದು. ಹರಾಜಿಗೆ ಅನುಭವ ಬೇಕು, ಹೊತ್ತೂ ಜಾಸ್ತಿ ಹಿಡಿಯುತ್ತದೆ.

ಹಿಂದಿನ ವರ್ಷ ಕೊನೆಯಲ್ಲಿದ್ದ ನಾಲ್ವರ ಸರದಿ ಬಿಟ್ಟು ಉಳಿದವರ ಸರದಿಯನ್ನು ನಾವು ಚೀಟಿ ಎತ್ತಿ ತೀರ್ಮಾನಿಸುತ್ತೇವೆ. ಆ ನಾಲ್ವರ ಕಥೆ ಮುಂದೆ ಬರುತ್ತದೆ. ಚೀಟಿಯನ್ನು ಮಕ್ಕಳ ಕೈಯಲ್ಲಿ ಎತ್ತಿಸುತ್ತೇವೆ, ಎಲ್ಲರ ಕಣ್ಣೆದುರೇ.

ಒಬ್ಬೊಬ್ಬರಿಗೆ 15 ಆಟಗಾರರು. ಪ್ರತಿ ವಾರ ಒಂಬತ್ತು ಮಂದಿ ಕಣದಲ್ಲಿ: ಒಬ್ಬ ಕ್ವಾರ್ಟರ್‌ಬ್ಯಾಕ್, ಇಬ್ಬರು ರನ್ನಿಂಗ್ ಬ್ಯಾಕ್, ಎಸೆತ ಹಿಡಿಯುವ ಇಬ್ಬರು ರಿಸೀವರ್, ಹಿಡಿಯುವುದರ ಜತೆ ಎದುರಾಳಿಯನ್ನು ತಡೆಯುವ ಒಬ್ಬ ಟೈಟ್ ಎಂಡ್, ಈ ಕೊನೆಯ ಮೂರು ಬಗೆಯಲ್ಲಿ ಯಾರನ್ನಾದರೂ ಇಡಬಹುದಾದ ಒಂದು ಫ್ಲೆಕ್ಸ್ ಜಾಗ, ಒಬ್ಬ ಕಿಕ್ಕರ್, ಮತ್ತು ಒಂದು ತಂಡದ ಇಡೀ ಡಿಫೆನ್ಸ್. ಉಳಿದ ಆರು ಮಂದಿ ಬೆಂಚ್‌ನಲ್ಲಿ. ಬೆಂಚ್ ಸುಮ್ನೆ ಇಟ್ಟಿದ್ದಲ್ಲ. 2023ರ ಋತುವಿನ ಮೊದಲ ವಾರ ನ್ಯೂಯಾರ್ಕ್ ಜೆಟ್ಸ್ ಪರ ಮೊದಲ ಸಲ ಇಳಿದ ಆ್ಯರನ್ ರಾಡ್ಜರ್ಸ್ ಪಂದ್ಯ ಶುರುವಾಗಿ ಕೆಲವೇ ನಿಮಿಷದಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದುಕೊಂಡು ಇಡೀ ವರ್ಷ ಕಳೆದುಕೊಂಡರು. ಅವರನ್ನು ನಂಬಿ ಬದಲಿ ಇಟ್ಟುಕೊಳ್ಳದವರು ಮರುದಿನವೇ ಪರದಾಡಿದರು.

ಸೆಪ್ಟೆಂಬರ್‌ನಿಂದ: ವಾರದ ಕೆಲಸ

ಇಲ್ಲಿಂದ ಪ್ರತಿ ವಾರ ಒಂದೇ ಲಯ. ಮಂಗಳವಾರ ಗಾಯದ ಸುದ್ದಿ ನೋಡುವುದು. ಯಾರ ತಂಡದಲ್ಲೂ ಇಲ್ಲದ ಆಟಗಾರರನ್ನು ಬುಧವಾರ ಬೆಳಗಿನೊಳಗೆ ಕೇಳಿಕೊಳ್ಳುವುದು. ಇದಕ್ಕೆ ವೇವರ್ ಎಂದು ಹೆಸರು. ನಾವು ಪ್ರತಿಯೊಬ್ಬರಿಗೂ ವರ್ಷಕ್ಕೆ ಲೆಕ್ಕದ 100 ಡಾಲರ್ ಕೊಟ್ಟುಬಿಡುತ್ತೇವೆ. ಗುಟ್ಟಾಗಿ ಬೆಲೆ ಬರೆದುಕೊಡಬೇಕು, ಜಾಸ್ತಿ ಬರೆದವರಿಗೆ ಆಟಗಾರ. ಬೆಳಿಗ್ಗೆ ಯಾರು ಮೊದಲು ಎದ್ದರು ಎಂಬುದರ ಮೇಲೆ ಏನೂ ನಿಲ್ಲುವುದಿಲ್ಲ. ಬೆಂಗಳೂರಿನವರಿಗೂ ನ್ಯಾಯ ಸಿಗುತ್ತದೆ.

ಗುರುವಾರ ರಾತ್ರಿ ಮೊದಲ ಪಂದ್ಯ. ಅದರಲ್ಲಿ ಆಡುವವರನ್ನು ಅಷ್ಟರೊಳಗೆ ಒಳಗಿಡಿ ಅಥವಾ ತೆಗೆಯಿರಿ. ಭಾನುವಾರ ಪಂದ್ಯಕ್ಕೆ 90 ನಿಮಿಷ ಮೊದಲು ಯಾರು ಆಡುವುದಿಲ್ಲ ಎಂಬ ಕೊನೆಯ ಪಟ್ಟಿ ಬರುತ್ತದೆ. ಆ ಹೊತ್ತಿಗೆ ಒಂದು ಸಲ ಫೋನ್ ನೋಡಿದರೆ ಸಾಕು. ಸೋಮವಾರ ರಾತ್ರಿ ಪಂದ್ಯದೊಂದಿಗೆ ವಾರ ಮುಗಿಯುತ್ತದೆ. ಎನ್‌ಎಫ್‌ಎಲ್ ಆಮೇಲೆ ಅಂಕಿಅಂಶ ತಿದ್ದುವುದೂ ಉಂಟು. ಅರ್ಧ ಅಂಕದಲ್ಲಿ ಗೆದ್ದವರು ಎರಡು ದಿನ ಕಾಯಿರಿ.

ಕಮಿಷನರ್ ಮಾಡಬೇಕಾದ್ದು: ಬುಧವಾರ ಸಂಜೆ ಎಲ್ಲರ ತಂಡ ಒಂದು ಸಲ ನೋಡುವುದು. ಬೈ ವೀಕ್‌ನ ಆಟಗಾರನನ್ನು ಯಾರಾದರೂ ಒಳಗಿಟ್ಟಿದ್ದರೆ ಫೋನ್ ಮಾಡುವುದು. 'ಅಣ್ಣಾ, ಲೈನಪ್ ನೋಡಿದ್ರಾ?' ಎಂದು ಒಂದು ಮಾತು. ನಾನಾಗಿ ಅವರ ತಂಡ ಮುಟ್ಟುವುದಿಲ್ಲ. ಇದರಲ್ಲಿ ನಾನು ಎದುರಾಳಿಯಾಗಿದ್ದರೂ ಫೋನ್ ಮಾಡುತ್ತೇನೆ, ಅದು ಬರೆದ ನಿಯಮ. ನವೆಂಬರ್‌ನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಆ ದಿನ ಮೂರು ಪಂದ್ಯ, ಮೊದಲನೆಯದು ಮಧ್ಯಾಹ್ನವೇ ಶುರು. ಎಲ್ಲರೂ ಪ್ರಯಾಣದಲ್ಲಿರುತ್ತಾರೆ. ಆ ವಾರ ಎರಡು ಸಲ ನೆನಪಿಸಿ.

ಆಟಗಾರರನ್ನು ಅದಲುಬದಲು ಮಾಡುವ ಟ್ರೇಡ್‌ಗೆ ನಾವು 11ನೇ ವಾರದ ಗಡುವು ಇಟ್ಟಿದ್ದೇವೆ. ಆಮೇಲೆ ಬಿಟ್ಟರೆ, ಗೆಲ್ಲುವ ಆಸೆ ಇಲ್ಲದವರು ಒಳ್ಳೆಯ ಆಟಗಾರನನ್ನು ಗೆಳೆಯನಿಗೆ ದಾನ ಮಾಡುವ ಅಪಾಯವಿದೆ. ಟ್ರೇಡ್ ಬೇಡವೆಂದು ಎಲ್ಲರೂ ಮತ ಹಾಕುವ ಪದ್ಧತಿ ಕೆಲವೆಡೆ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ಒಪ್ಪಂದ ದಡ್ಡತನದ್ದಾಗಿ ಕಂಡರೂ ಇಬ್ಬರೂ ಪ್ರಾಮಾಣಿಕರಾಗಿದ್ದರೆ ಬಿಟ್ಟುಬಿಡಿ. ಒಳಸಂಚು ಇದ್ದರೆ ಮಾತ್ರ ತಡೆಯಿರಿ.

ಡಿಸೆಂಬರ್: ಪ್ಲೇಆಫ್, ಮತ್ತು ಕೊನೆಯ ನಾಲ್ವರು

14 ವಾರ ಲೀಗ್ ಪಂದ್ಯ. ಮೊದಲ ಆರು ತಂಡ ಪ್ಲೇಆಫ್‌ಗೆ. 15ನೇ ವಾರ ಮೊದಲಿಬ್ಬರಿಗೆ ಬಿಡುವು, 3ನೆಯವರು 6ನೆಯವರ ಎದುರು, 4ನೆಯವರು 5ನೆಯವರ ಎದುರು. 16ಕ್ಕೆ ಸೆಮಿಫೈನಲ್, 17ಕ್ಕೆ ಫೈನಲ್. 18ನೇ ವಾರ ಬೇಡವೇ ಬೇಡ. ಜಾಗ ಗಟ್ಟಿಯಾದ ಎನ್‌ಎಫ್‌ಎಲ್ ತಂಡಗಳು ಆ ವಾರ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡುತ್ತವೆ. ವೇಳಾಪಟ್ಟಿಯನ್ನೂ ನೋಡಿಕೊಳ್ಳಿ. 2024ರ ಕ್ರಿಸ್ಮಸ್ ಬುಧವಾರ ಬಂತು, ಅವತ್ತೇ ಎರಡು ಪಂದ್ಯ ಇತ್ತು. ನಮ್ಮ ಫೈನಲ್ ಬುಧವಾರವೇ ಶುರುವಾಯಿತು.

ಉಳಿದ ನಾಲ್ವರಿಗೆ ಏನು? ನಮ್ಮ ಲೀಗ್ ಉಳಿದಿದ್ದು ಇದರ ಉತ್ತರದಿಂದ. ಅವರಿಗೂ ಇದೇ ಮೂರು ವಾರ ಅವರವರ ನಡುವೆ ಪಂದ್ಯಾವಳಿ ಇದೆ. ಅಲ್ಲಿ ಗೆದ್ದವರಿಗೆ ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ, ಆಮೇಲೆ ಎರಡು, ಮೂರು, ನಾಲ್ಕು. ಸೋತಷ್ಟೂ ಒಳ್ಳೆಯ ಸರದಿ ಎಂದು ಇಟ್ಟರೆ ಜನ ಬೇಕಂತಲೇ ಸೋಲುತ್ತಾರೆ. ಇಲ್ಲಿ ಗೆದ್ದರೇ ಲಾಭ. ಹತ್ತನೆಯವರ ಮನೆಯಲ್ಲಿ ಮುಂದಿನ ಡ್ರಾಫ್ಟ್, ಎಲ್ಲರಿಗೂ ಬಿಸಿಬೇಳೆಬಾತ್ ಅವರದೇ ಕೈಯದು. ಕೆಲವು ಲೀಗ್‌ಗಳು ಕೊನೆಯವರಿಗೆ ಅವಮಾನದ ಶಿಕ್ಷೆ ಕೊಡುತ್ತವೆ. ನಾವು ಕೊಡುವುದಿಲ್ಲ. ಆ ಹಳೆಯ ಗೆಳೆಯ, ಡಿಸೆಂಬರ್‌ನಲ್ಲಿ ಕೈ ಬಿಟ್ಟಿದ್ದವನು, ಎರಡು ವರ್ಷದ ಹಿಂದೆ ಈ ಕೆಳಗಿನ ಪಂದ್ಯಾವಳಿ ಗೆದ್ದು ಮಧ್ಯರಾತ್ರಿ ನನಗೆ ಫೋನ್ ಮಾಡಿದ್ದ.

ಪುಸ್ತಕದಲ್ಲಿ ಇಲ್ಲದ ದಿನ

2023ರ ಜನವರಿ 2, ಸೋಮವಾರ ರಾತ್ರಿ. 17ನೇ ವಾರದ ಕೊನೆಯ ಪಂದ್ಯ, ಸಿನ್ಸಿನಾಟಿಯಲ್ಲಿ ಬೆಂಗಾಲ್ಸ್ ಮತ್ತು ಬಫಲೊ ಬಿಲ್ಸ್. ಬಿಲ್ಸ್‌ನ ಡಮಾರ್ ಹ್ಯಾಮ್ಲಿನ್ ಮೊದಲ ಕ್ವಾರ್ಟರ್‌ನಲ್ಲೇ ಮೈದಾನದಲ್ಲಿ ಕುಸಿದರು. ಹೃದಯ ನಿಂತಿತ್ತು. ವೈದ್ಯರು ಅಲ್ಲೇ ಜೀವ ಉಳಿಸಿದರು. ಪಂದ್ಯ ರದ್ದಾಯಿತು. ಸಾವಿರಾರು ಲೀಗ್‌ಗಳ ಫೈನಲ್ ಆ ಪಂದ್ಯದ ಮೇಲೆ ನಿಂತಿತ್ತು, ನಮ್ಮದೂ. ಅಂಕದ ಮಾತು ಇವತ್ತು ಬೇಡ ಎಂದು ಎಲ್ಲರಿಗೂ ಬರೆದೆ. ಯಾರೂ ಕೇಳಲೂ ಇಲ್ಲ. ಅವರು ಚೇತರಿಸಿಕೊಳ್ಳುತ್ತಿದ್ದಾರೆ ಎಂದು ತಿಳಿದ ಮೇಲೆ ಫೈನಲ್‌ನ ಇಬ್ಬರನ್ನೂ ಕೇಳಿ ಟ್ರೋಫಿಯನ್ನು ಹಂಚಿದೆವು. ಆರಾರು ತಿಂಗಳು ಒಬ್ಬೊಬ್ಬರ ಮನೆಯಲ್ಲಿ ಇತ್ತು. ಆ ವರ್ಷವೇ ಮತ್ತೆ ಆಟಕ್ಕಿಳಿದರು ಹ್ಯಾಮ್ಲಿನ್.

ಮುಂದಿನ ಸಭೆಯಲ್ಲಿ ಒಂದು ಸಾಲು ಸೇರಿಸಿದೆವು: ಫೈನಲ್ ವಾರದ ಪಂದ್ಯ ರದ್ದಾದರೆ ಇಬ್ಬರೂ ವಿಜೇತರು. ನಿಮ್ಮ ನಿಯಮ ಪಟ್ಟಿಯಲ್ಲೂ ಇಂಥ ಒಂದು ಸಾಲು ಇರಲಿ.

ಜನವರಿಯಲ್ಲಿ ಉಳಿಯುವ ಕೆಲಸ ಸ್ವಲ್ಪ. ಟ್ರೋಫಿಯ ಮೇಲೆ ಹೆಸರು ಕೆತ್ತಿಸುವುದು, ಆ ವರ್ಷದ ಪೂರ್ತಿ ಲೆಕ್ಕವನ್ನು ಒಂದು ಎಕ್ಸೆಲ್ ಹಾಳೆಗೆ ಇಳಿಸುವುದು, ಆ್ಯಪ್ ಬದಲಾದರೂ ಅದು ಕೈಯಲ್ಲಿರುತ್ತದೆ. ಆಮೇಲೆ ಫೆಬ್ರವರಿ ಸಭೆ ಯಾರ ಮನೆಯಲ್ಲಿ, ಯಾರು ಏನು ಅಡುಗೆ ತರುತ್ತೀರಿ ಎಂದು ಎಲ್ಲರಿಗೂ ಒಂದು ಸಂದೇಶ ಕಳಿಸುವುದು.