ನೀರಿಡದೆ ಮರಿ ಮಾಡಿಸಿದೆ: ತಲಶ್ಶೇರಿ, ಬೋಳುಕತ್ತು, ಆರ್‌ಐಆರ್

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಜೂನ್ ಬಂತೆಂದರೆ ಬಟ್ಟೆ ವಾರವಾದರೂ ಒಣಗುವುದಿಲ್ಲ. ಇಂಥ ಮಳೆಯಲ್ಲಿ ಕಾವು ಕೊಡುವ ಮೆಷಿನ್‌ನಲ್ಲಿ ಮರಿ ಮಾಡಿಸುವುದು ಆಗದ ಕೆಲಸ ಅಂತ ಕೋಳಿ ಸಾಕುವವರೆಲ್ಲ ಹೇಳಿದ್ದರು. ಕಳೆದ ಜುಲೈಯಲ್ಲಿ ಮೂರು ತಳಿಯ 60 ಮೊಟ್ಟೆ ಇಟ್ಟು 43 ಮರಿ ತೆಗೆದೆ: ಕೇರಳದ ಕಪ್ಪು ನಾಟಿ ಕೋಳಿ ತಲಶ್ಶೇರಿ, ಕತ್ತಿನಲ್ಲಿ ಪುಕ್ಕವಿಲ್ಲದ ಬೋಳುಕತ್ತು, ಮತ್ತೆ ಆರ್‌ಐಆರ್, ಅಂದರೆ ರೋಡ್ ಐಲ್ಯಾಂಡ್ ರೆಡ್ ಎಂಬ ಅಮೆರಿಕದ ತಳಿ. ತೇವಕ್ಕೆ ಅಂತ ಮೆಷಿನ್ ಒಳಗೆ ಬಟ್ಟಲಲ್ಲಿ ನೀರು ಇಡುವುದು ರೂಢಿ, ನಾನು ಮೊದಲ 18 ದಿನ ಒಂದು ಹನಿಯೂ ಇಟ್ಟಿರಲಿಲ್ಲ.

ಅದಕ್ಕೂ ಮೊದಲು ಎರಡು ಸಲ ಕೈ ಸುಟ್ಟುಕೊಂಡಿದ್ದೆ. ಮೊದಲ ಸಲ 48 ಮೊಟ್ಟೆಗೆ 11 ಮರಿ. ಏಳೂವರೆ ಸಾವಿರ ಕೊಟ್ಟು ತಂದ ಮೆಷಿನ್ 37.5 ಡಿಗ್ರಿ ತೋರಿಸುತ್ತಿತ್ತು. ಜ್ವರ ನೋಡುವ ಥರ್ಮಾಮೀಟರ್ ಒಳಗಿಟ್ಟರೆ ಸುಮಾರು ಒಂದು ಡಿಗ್ರಿ ಜಾಸ್ತಿ. ಮಾರಿದವರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ನಾನೇ ಥರ್ಮೋಸ್ಟಾಟ್ ಬದಲಿಸಿ, ಇನ್ವರ್ಟರ್ ಲೈನ್ ಎಳೆದೆ. ಎರಡನೇ ಸಲ ಶಾಖ ಸರಿಯಾಗಿತ್ತು, ಆದರೂ 60ಕ್ಕೆ 19. ಒಂದು ಮೊಟ್ಟೆ 25 ರೂಪಾಯಿ. ಮೆಷಿನ್ ಬಿಟ್ಟು, ಮೊಟ್ಟೆಗೇ ಎರಡೂವರೆ ಸಾವಿರಕ್ಕಿಂತ ಜಾಸ್ತಿ ಹೋಗಿತ್ತು.

22ನೇ ದಿನ ಒಡೆಯದ ಮೊಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಒಳಗೆ ಪೂರ್ತಿ ಬೆಳೆದ ಮರಿ. ಮೈಯೆಲ್ಲ ಅಂಟಂಟು, ಊದಿಕೊಂಡಿತ್ತು. ಕೊಕ್ಕಿನ ಸುತ್ತ ನೀರು. ದಪ್ಪ ತುದಿಯಲ್ಲಿ ಗಾಳಿ ಇರಬೇಕಾದ ಜಾಗ ನಾಲ್ಕಾಣೆಯಷ್ಟೂ ಇರಲಿಲ್ಲ. ಉಸಿರು ತೆಗೆಯಲು ಜಾಗ ಇಲ್ಲದೆ ಸತ್ತಿತ್ತು. ತುಂಬ ಸಂಕಟವಾಯಿತು. ನಾನು ದಿನಾ ಬಟ್ಟಲು ತುಂಬಿಸುತ್ತಿದ್ದ ನೀರೇ ಅದನ್ನು ಮುಳುಗಿಸಿತ್ತು.

ಅಮ್ಮ ಅದೇ ಹೊತ್ತಿಗೆ ಒಂದು ಹೇಂಟೆಯನ್ನು ಒಂಬತ್ತು ಮೊಟ್ಟೆಗೆ ಕಾವು ಕೂರಿಸಿದ್ದರು. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ತಂದು, ಪೆನ್ಸಿಲ್‌ನಲ್ಲಿ ನಂಬರ್ ಬರೆದು ತೂಗಿದೆ. ಮೊದಲ ದಿನ ಸರಾಸರಿ 44 ಗ್ರಾಂ, 18ನೇ ದಿನ 38.5ರ ಆಸುಪಾಸು. ಅಂದರೆ ಶೇಕಡ 12 ಕಡಿಮೆ. ಮೊಟ್ಟೆಯೊಳಗಿನ ನೀರು ಹೀಗೆ ಆವಿಯಾಗಿ ಹೋದರೇ ಮರಿಗೆ ಗಾಳಿಯ ಜಾಗ ಆಗುವುದು. ಎಂಟು ಮರಿ ಬಂದವು. ಹೇಂಟೆ ನೀರು ಇಡುತ್ತದಾ? ಇಲ್ಲ ಅಲ್ವಾ. ನಮ್ಮ ಮಳೆಗಾಲದ ಗಾಳಿಯನ್ನು 37.5ಕ್ಕೆ ಬಿಸಿ ಮಾಡಿದರೆ ನೀರಿಲ್ಲದೆಯೇ ತೇವದ ಮೀಟರ್ ಶೇಕಡ 42ರಿಂದ 45 ತೋರಿಸುತ್ತದೆ. ಅಷ್ಟು ಸಾಕು.

ಮೂರನೇ ಸಲ, ಅಂದರೆ ಆ ಜುಲೈಯಲ್ಲಿ, ನೀರಿಡದೆ ಮೊಟ್ಟೆ ಇಟ್ಟೆ. ಪಕ್ಕದ ಮನೆಯ ಅಣ್ಣ ಬಂದು ನೋಡಿ, "ಮರಿ ಚಿಪ್ಪಿನಲ್ಲೇ ಒಣಗ್ತದೆ ಮಾರಾಯ, ಸುಮ್ನೆ ಹಾಳು ಮಾಡ್ಬೇಡ" ಅಂದರು. ನಾನು ತಕ್ಕಡಿಯನ್ನು ನಂಬಿದೆ. ವಾರಕ್ಕೊಮ್ಮೆ ತೂಗಿದೆ, ಇಳಿಕೆ ಹೇಂಟೆಯ ಲೆಕ್ಕಕ್ಕೇ ಬಂತು. ಕೊನೆಯ ಮೂರು ದಿನ ಮಾತ್ರ ತೇವ 65ರ ಮೇಲೆ ಬೇಕು. ಮುಚ್ಚಳ ತೆರೆಯದೆ ಅದನ್ನು ಏರಿಸಲು ನಾನೇ ಮಾಡಿಕೊಂಡ ಒಂದು ಉಪಾಯ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ರೈಲಿನಲ್ಲಿ ತಂದ ಮೊಟ್ಟೆಯಾದರೆ ದಪ್ಪ ತುದಿ ಮೇಲೆ ಮಾಡಿ ಒಂದು ದಿನ ಇಟ್ಟು, ಆಮೇಲೆ ಕಾವಿಗೆ ಹಾಕಿ. ಇನ್ನೊಂದು ಮಾತು, ಜನವರಿಯಲ್ಲಿ ಇದು ನಡೆಯುವುದಿಲ್ಲ. ಮಾಡಿ ನೋಡಿದೆ, ತೂಕ ಶೇಕಡ 16 ಇಳಿದು ಮರಿ ಪೊರೆಗೆ ಅಂಟಿಕೊಂಡವು. ಚಳಿಗಾಲಕ್ಕೆ ಸಣ್ಣ ಬಟ್ಟಲು ನೀರು ಬೇಕೇ ಬೇಕು.

ಆ 43ರಲ್ಲಿ ತಲಶ್ಶೇರಿ 15, ಬೋಳುಕತ್ತು 13, ಆರ್‌ಐಆರ್ 15. ಏಳನೇ ದಿನ ಎಲ್ಲಕ್ಕೂ ಕೊಕ್ಕರೆ ರೋಗ (ರಾಣಿಖೇತ್) ಬಾರದಂತೆ ಲಸೋಟಾ ಎಂಬ ಲಸಿಕೆಯ ಹನಿ ಹಾಕಿದೆ. ಎಂಟು ವಾರಕ್ಕೆ ಆರ್‌ಐಆರ್ 650 ಗ್ರಾಂ ದಾಟಿತ್ತು, ಬೋಳುಕತ್ತು 450, ತಲಶ್ಶೇರಿ 400 ಇರಬಹುದು. ಐದು ತಿಂಗಳಿಗೆ ಆರ್‌ಐಆರ್ ಹುಂಜ ಎರಡು ಕಿಲೋ, ತಲಶ್ಶೇರಿ ಹುಂಜ ಒಂದೂವರೆ. ನೋಡಿದವರೆಲ್ಲ ಆರ್‌ಐಆರ್ ಗೆದ್ದಿತು ಅಂದರು.

ದುಡ್ಡಿನ ಲೆಕ್ಕ ಹಾಗಿಲ್ಲ. ಆರ್‌ಐಆರ್ ಒಂದಕ್ಕೆ ಎಂಟು ಕಿಲೋ ತಿಂಡಿ ಹೋಯಿತು, ಸುಮಾರು 340 ರೂಪಾಯಿ. ಬದಿಯಡ್ಕ ಪೇಟೆಯಲ್ಲಿ ಅದನ್ನು ಫಾರಂ ಕೋಳಿ ಅಂತ ಕಿಲೋಗೆ 250ಕ್ಕೆ ಕೇಳಿದರು. ತಲಶ್ಶೇರಿ ಬೆಳಗ್ಗೆ ಬಿಟ್ಟರೆ ಸಂಜೆಯವರೆಗೆ ತೋಟದ ಸೋಗೆ ಕೆದಕಿ ಗೆದ್ದಲು ತಿನ್ನುತ್ತದೆ. ನಾಲ್ಕೂವರೆ ಕಿಲೋ ತಿಂಡಿಯಲ್ಲಿ ಬೆಳೆಯಿತು, ಕಿಲೋಗೆ 400ಕ್ಕೆ ಮನೆಗೇ ಬಂದು ಒಯ್ದರು. ಗಿಡುಗ ಮತ್ತು ಕೀರಿ ಸೇರಿ ಆರ್‌ಐಆರ್ ನಾಲ್ಕು ತಿಂದವು. ತಲಶ್ಶೇರಿ ಒಂದೂ ಹೋಗಲಿಲ್ಲ. ನೆರಳಲ್ಲಿ ನಿಂತರೆ ಆ ಕಪ್ಪು ಮೈ ನಮಗೇ ಕಾಣುವುದಿಲ್ಲ, ಬಿಸಿಲಿಗೆ ಬಂದಾಗ ಮಾತ್ರ ಕತ್ತಿನ ಮೇಲೆ ನೀಲಿ ಮಿಂಚುತ್ತದೆ. ಬೋಳುಕತ್ತು ಮಾರ್ಚ್ ಸೆಕೆಯಲ್ಲಿ ಬಾಯಿ ತೆರೆಯದೆ ಓಡಾಡುತ್ತಿತ್ತು, ಆದರೆ ನಮ್ಮಲ್ಲಿ ಕೊಳ್ಳುವವರು ಕಮ್ಮಿ.

ಮೊಟ್ಟೆ ಜಾಸ್ತಿ ಬೇಕಿದ್ದರೆ ಆರ್‌ಐಆರ್ ಸರಿ. ಆದರೆ ನನ್ನಲ್ಲಿ ಒಂದೂ ಕಾವಿಗೆ ಕೂರಲಿಲ್ಲ. ಅದಕ್ಕೇ ಈ ಸಲ ತಲಶ್ಶೇರಿ ಹುಂಜವನ್ನು ಆರ್‌ಐಆರ್ ಹೇಂಟೆಗಳ ಜೊತೆ ಬಿಟ್ಟೆ. ಹನ್ನೆರಡು ಮರಿ ಎಂಟು ವಾರಕ್ಕೆ 550 ಗ್ರಾಂ ಮುಟ್ಟಿವೆ. ಅವುಗಳಲ್ಲಿ ಏಳು ಹೇಂಟೆ. ಕಾವಿಗೆ ಕೂರುತ್ತವಾ ಅಂತ ಬರುವ ಮಳೆಗಾಲಕ್ಕೆ ಗೊತ್ತಾಗುತ್ತದೆ.