ಬೆಳಗಿನ ಕ್ಯೋಟೋ, ಸಂಜೆಯ ಟೋಕಿಯೊ: ಪ್ರವಾಸವನ್ನು ಯೋಜಿಸುವ ಬಗೆ

ಜಪಾನಿಗೆ ಮೊದಲ ಬಾರಿ ಹೊರಟವರು ಊರು, ಗುಡಿಗಳ ಪಟ್ಟಿ ಮಾಡುವುದಕ್ಕೆ ಮುನ್ನ ಹೊತ್ತಿನ ಲೆಕ್ಕ ಹಾಕಿಕೊಳ್ಳುವುದು ಒಳಿತು. 794ರಿಂದ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಕ್ಯೋಟೋದಲ್ಲಿ ಹೆಚ್ಚಿನ ದೇವಾಲಯಗಳು ಸಂಜೆ ಐದರ ಸುಮಾರಿಗೆ ಬಾಗಿಲು ಮುಚ್ಚುತ್ತವೆ. ಟೋಕಿಯೊ ಕಳೆಗಟ್ಟುವುದೇ ದೀಪ ಹತ್ತಿದ ಮೇಲೆ.

ಆದ್ದರಿಂದ ಕ್ಯೋಟೋದಲ್ಲಿ ನಸುಕಿನಲ್ಲೇ ಹೊರಡಬೇಕು. ಫುಶಿಮಿ ಇನಾರಿ ದೇಗುಲ ಹಗಲಿರುಳೂ ತೆರೆದಿರುತ್ತದೆ, ಪ್ರವೇಶಶುಲ್ಕವಿಲ್ಲ. ಕ್ಯೋಟೋ ನಿಲ್ದಾಣದಿಂದ ನಾರಾ ಮಾರ್ಗದ ಲೋಕಲ್ ರೈಲಿನಲ್ಲಿ ಎರಡನೆಯ ನಿಲ್ದಾಣವಾದ ಇನಾರಿಯಲ್ಲಿ ಇಳಿದರೆ ಅದು ಎದುರಿಗೇ ಇದೆ. ಸಾವಿರಾರು ಕೆಂಪು ತೋರಿ ಕಮಾನುಗಳ ಕೆಳಗೆ ಸಾಗುವ ದಾರಿಯಲ್ಲಿ ಅನೇಕರು ಆರಂಭದಲ್ಲೇ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಆದರೆ ಅರ್ಧ ಗಂಟೆಗೆ ತುಸು ಹೆಚ್ಚು ಹೊತ್ತು ಮೆಟ್ಟಿಲು ಹತ್ತಿ ಯೊತ್ಸುತ್ಸುಜಿ ಎಂಬ ಕೂಡುದಾರಿಯನ್ನು ತಲುಪಿದವರಿಗೆ ನಗರದ ನೋಟವೂ ದೊರೆಯುತ್ತದೆ, ದಾರಿಯೂ ತೆರವಾಗುತ್ತದೆ. ಮರುದಿನದ ಮುಂಜಾವನ್ನು ಆರು ಗಂಟೆಗೇ ತೆರೆಯುವ ಕಿಯೊಮಿಝು-ದೇರಾ ದೇವಾಲಯಕ್ಕೆ ಮೀಸಲಿಡಿ. 1633ರಲ್ಲಿ ಪುನರ್ನಿರ್ಮಿಸಿದ ಅದರ ಮರದ ಜಗಲಿ ಸುಮಾರು 13 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸನ್ನೆನ್‌ಝಕಾ, ನಿನೆನ್‌ಝಕಾ ಇಳಿಜಾರುಗಳಲ್ಲಿ ನಡೆದು ಹಳೆಯ ಬಡಾವಣೆಯಾದ ಗಿಯೋನ್ ಸೇರಬಹುದು. ಗಿಯೋನ್‌ನ ಕೆಲವು ಓಣಿಗಳು ಖಾಸಗಿಯಾಗಿದ್ದು, ಅಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲ. ಫಲಕಗಳನ್ನು ದಯವಿಟ್ಟು ಗೌರವಿಸಿ, ಅವು ಜನ ಬಾಳುತ್ತಿರುವ ಮನೆಗಳ ಬೀದಿಗಳು. ಪಶ್ಚಿಮದ ಕಿಂಕಾಕು-ಜಿ ಮತ್ತು ರ್ಯೋವಾನ್-ಜಿ ದೇವಾಲಯಗಳನ್ನು ಇದೇ ದಿನಕ್ಕೆ ತುರುಕದೆ ಬೇರೆ ದಿನ ನೋಡಬೇಕು. ರ್ಯೋವಾನ್-ಜಿಯ ಕಲ್ಲುತೋಟದಲ್ಲಿ 15 ಕಲ್ಲುಗಳಿದ್ದರೂ ಜಗಲಿಯಲ್ಲಿ ಎಲ್ಲಿ ಕುಳಿತರೂ ಒಂದಾದರೂ ಮರೆಯಾಗಿರುತ್ತದೆ. ಅದನ್ನು ಅವಸರದಲ್ಲಿ ನೋಡುವುದೆಂದರೆ ನೋಡದಿರುವುದಕ್ಕೆ ಸಮ.

ಟೋಕಿಯೊಗೆ ನೊಝೊಮಿ ಎಂಬ ಶಿಂಕಾನ್‌ಸೆನ್ (ಬುಲೆಟ್ ರೈಲು)ನಲ್ಲಿ ಸುಮಾರು ಎರಡೂಕಾಲು ಗಂಟೆಯ ಪ್ರಯಾಣ. ಸಾಮಾನ್ಯ ಬೋಗಿಯಲ್ಲಿ ‘ಇ’ ಆಸನವನ್ನು ಕಾಯ್ದಿರಿಸಿದರೆ, ಆಕಾಶ ತಿಳಿಯಾಗಿದ್ದಲ್ಲಿ, ಫುಜಿ ಪರ್ವತ ಕಿಟಕಿಯಲ್ಲೇ ಕಾಣುತ್ತದೆ. ಪ್ರವಾಸಿಗರು ದೇಶದೆಲ್ಲೆಡೆ ಬಳಸಬಹುದಾದ ಏಳು ದಿನಗಳ ಜಪಾನ್ ರೈಲ್ ಪಾಸಿನ ಬೆಲೆ 2023ರ ಅಕ್ಟೋಬರ್‌ನಲ್ಲಿ 50,000 ಯೆನ್‌ಗೆ ಏರಿದ ನಂತರ, ಈ ಎರಡೇ ನಗರಗಳಿಗೆ ಹೋಗುವವರು ಬಿಡಿ ಟಿಕೆಟ್ ಕೊಳ್ಳುವುದೇ ಅಗ್ಗ. ನಗರದೊಳಗಿನ ರೈಲು, ಬಸ್ಸುಗಳಿಗೆ ಮುಂಗಡ ಹಣ ತುಂಬಿಸಿಕೊಳ್ಳುವ ಸುಯಿಕಾ ಅಥವಾ ಇಕೋಕಾ ಕಾರ್ಡು ಒಂದಿದ್ದರೆ ಸಾಕು.

ಟೋಕಿಯೊದಲ್ಲಿ ಬೆಳಗ್ಗೆ ವಿಶ್ರಮಿಸಿ, ಇಳಿಹೊತ್ತಿಗೆ ಅಸಾಕುಸಾದ ಸೆನ್ಸೋ-ಜಿ ದೇವಾಲಯದಿಂದ ಆರಂಭಿಸಿ. ಶಿಂಜುಕುವಿನಲ್ಲಿರುವ ಮಹಾನಗರ ಆಡಳಿತ ಕಟ್ಟಡದ 45ನೆಯ ಮಹಡಿಯಿಂದ, 202 ಮೀಟರ್ ಎತ್ತರದಲ್ಲಿ, ಊರು ಬೆಳಗುವುದನ್ನು ಉಚಿತವಾಗಿ ನೋಡಬಹುದು. ಹಣ ತೆತ್ತು ಹತ್ತುವ ಗೋಪುರಗಳಿಗಿಂತ ಇದನ್ನೇ ನಾನು ಮೊದಲು ಸೂಚಿಸುತ್ತೇನೆ. ಶಿಬುಯಾದ ಪ್ರಸಿದ್ಧ ಕೂಡುರಸ್ತೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಸಸ್ಯಾಹಾರಿಗಳು ಒಂದು ವಿಷಯದಲ್ಲಿ ಎಚ್ಚರವಹಿಸಬೇಕು: ತರಕಾರಿಯದೆಂದು ಕಾಣುವ ಸಾರು, ನೂಡಲ್ಸ್‌ಗಳಲ್ಲಿಯೂ ಸಾಮಾನ್ಯವಾಗಿ ಒಣಮೀನಿನ ದಾಶಿ ರಸವಿರುತ್ತದೆ. ‘ಮೀನಿನ ದಾಶಿಯೂ ಬೇಡ’ ಎಂದು ಜಪಾನಿಯಲ್ಲಿ ಬರೆಸಿದ ಚೀಟಿಯನ್ನು ಜೊತೆಗಿಟ್ಟುಕೊಳ್ಳಿ. ಕ್ಯೋಟೋದ ಅರಾಶಿಯಾಮಾದಲ್ಲಿ ತೆನ್ರ್ಯೂ-ಜಿ ದೇವಾಲಯದ ಆವರಣದಲ್ಲೇ ಇರುವ ಶಿಗೆತ್ಸು ಭೋಜನಶಾಲೆಯಲ್ಲಿ ಬೌದ್ಧ ಸಂನ್ಯಾಸಿಗಳ ಪದ್ಧತಿಯ ಶೋಜಿನ್ ಊಟ ಮಧ್ಯಾಹ್ನ ಮಾತ್ರ ದೊರೆಯುತ್ತದೆ.